ಒಂದು ದಿನಕ್ಕೆಂದು ಕಟ್ಟಿದ ತಂತಿ

ಡಾಕ್ಟರಿಗೆ ಕೈಗುಣ ಇರುವುದುಂಟು. ಬೀಜ ಬಿತ್ತುವವನಿಗೂ ಸೂಲಗಿತ್ತಿಗೂ ಇರುವುದುಂಟು. ಆದರೆ ಫ್ಯೂಸ್ ಕಟ್ಟುವವನಿಗೆ ಎಂಥ ಕೈಗುಣ ಎಂದು ಯಾರಾದರೂ ನಕ್ಕರೆ, ಕಾಕ್ಸ್‌ಟೌನಿನ ಹಳಬರು ಅವರನ್ನು ಅಮೃತಮ್ಮನವರ ಮನೆಗೆ ಹೋಗಿ ನೋಡಿ ಬನ್ನಿ ಎನ್ನುತ್ತಿದ್ದರು.

ಅಮೃತಮ್ಮ ಪ್ರೈಮರಿ ಶಾಲೆಯ ಮೇಡಂ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ವರಾಂಡದ ಮೀಟರ್ ಬೋರ್ಡಿನಲ್ಲಿದ್ದ ಬಿಳಿ ಪಿಂಗಾಣಿ ಫ್ಯೂಸನ್ನು ತೋರಿಸಿ, "ಎಪ್ಪತ್ತೆರಡನೇ ಇಸವಿ, ನಮ್ಮ ಗೃಹಪ್ರವೇಶದ ದಿನ ಇನಾಯತ್ ಸಾಬ್ರು ಕಟ್ಟಿದ್ದು. ಇವತ್ತಿನವರೆಗೂ ಒಂದೇ ಒಂದು ಸಲ ಹೋಗಿಲ್ಲ. ಬೀದೀಲಿ ಎಲ್ಲರ ಮನೆ ಕತ್ತಲಾದರೂ ನಮ್ಮ ಫ್ಯೂಸ್ ಕಲ್ಲಿನ ಹಾಗೆ ನಿಂತಿರುತ್ತೆ" ಎಂದು ಹೇಳುತ್ತಿದ್ದರು. ಆಯುಧಪೂಜೆಯ ದಿನ ಬೇರೆಯವರು ಸ್ಕೂಟರಿಗೆ, ಹೊಲಿಗೆ ಮಿಷನ್ನಿಗೆ ಪೂಜೆ ಮಾಡಿದರೆ ಅಮೃತಮ್ಮ ಆ ಫ್ಯೂಸಿಗೆ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಹೂವು ಸಿಕ್ಕಿಸುತ್ತಿದ್ದರು. ಅಂದು ಶಿವಾಜಿನಗರದಿಂದ ಇನಾಯತ್ ಉಲ್ಲಾ ಬರಲೇಬೇಕು. ಬಂದವರು ಬೋರ್ಡಿನ ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದರು. ಆಮೇಲೆ ಬೂಂದಿ, ಬಾಳೆಹಣ್ಣಿನ ತಟ್ಟೆ ತೆಗೆದುಕೊಂಡು, ಹೆಚ್ಚು ಮಾತಾಡದೆ ಹೊರಟುಬಿಡುತ್ತಿದ್ದರು. ಅವರ ದೇವರಿಗೆ ಅವರು ಕೈಮುಗಿಯುವ ರೀತಿ ಅದು ಎಂದು ಅಮೃತಮ್ಮ ತಿಳಿದಿದ್ದರು.

ಮಾನಮ್ಮ ಆ ತಟ್ಟೆಯ ಬೂಂದಿ ತಿಂದವಳೇ. ಆದರೆ ಅವಳು ಅಲ್ಲಿಗೆ ಬಂದು ಸೇರಿದ್ದನ್ನು ಮೊದಲು ಹೇಳಬೇಕು.

ರಾಯಚೂರು ಜಿಲ್ಲೆಯ ದೇವದುರ್ಗದ ಹತ್ತಿರದ ಒಂದು ಹಳ್ಳಿಯಿಂದ ಮಾನಮ್ಮ, ಅವಳ ಗಂಡ ಚಂದ್ರಾಮಪ್ಪ ತೊಂಬತ್ತಮೂರರಲ್ಲಿ ಬೆಂಗಳೂರಿಗೆ ಬಂದರು. ಕೆ.ಆರ್. ಪುರದ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಕೋಣೆ. ಅವನು ಗಾರೆ ಕೆಲಸಕ್ಕೆ, ಇವಳು ಅದೇ ಕಟ್ಟಡದಲ್ಲಿ ಗೋಡೆ ಕೊರೆಯುವ ಕೆಲಸಕ್ಕೆ. ವೈರು ಹಾಯುವ ಪೈಪನ್ನು ಗೋಡೆಯೊಳಗೆ ಹುದುಗಿಸಲು ಉಳಿ ಸುತ್ತಿಗೆ ಹಿಡಿದು ಉದ್ದಕ್ಕೆ ಕಾಲುವೆ ಕೊರೆಯಬೇಕು. ದಿನವಿಡೀ ಇಟ್ಟಿಗೆ ಪುಡಿ ಕಣ್ಣಿಗೆ, ಮೂಗಿಗೆ. ಹೆಚ್ಚಿನವರ ಕಾಲುವೆ ಮಳೆ ನೀರು ಹರಿದ ದಾರಿಯಂತೆ ಸೊಟ್ಟಸೊಟ್ಟಗೆ ಇರುತ್ತಿತ್ತು.

ಕಾಕ್ಸ್‌ಟೌನಿನಲ್ಲಿ ಒಂದು ಹಳೇ ಬಂಗಲೆ ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದ ಕಡೆ, ವೈರಿಂಗ್ ವಹಿಸಿಕೊಂಡಿದ್ದ ಇನಾಯತ್ ಉಲ್ಲಾ ಒಂದು ಗೋಡೆಯ ಮುಂದೆ ನಿಂತುಬಿಟ್ಟರು.

"ಇದು ಯಾರು ಕೊರೆದಿದ್ದು?"

"ನಾನ್ರಿ" ಎಂದಳು ಮಾನಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ತಪ್ಪಾಗ್ಯಾದೇನ್ರಿ?"

"ತಪ್ಪಾ? ದಾರ ಹಿಡಿದು ಕೊರೆದಂಗಿದೆಯಲ್ಲಮ್ಮಾ!"

"ದಾರ ಹಿಡ್ದೇ ಕೊರ್ದೀನ್ರಿ." ಅವಳು ಸೊಂಟದಿಂದ ಇಟ್ಟಿಗೆ ಪುಡಿ ಮೆತ್ತಿದ ದಾರದ ಉಂಡೆ ತೆಗೆದು ತೋರಿಸಿದಳು. ಎರಡು ಮೊಳೆಗೆ ಬಿಗಿದು ಒಮ್ಮೆ ಮಿಡಿದರೆ ಗೋಡೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. "ಊರಾಗ ಕೌದಿ ಹೊಲಿಯಾಗ ಹಿಂಗೇ ಗೆರಿ ಹೊಡೀತೀವ್ರಿ."

ಇನಾಯತ್ ಭಾಯ್‌ಗೆ ಆಗ ಐವತ್ತು ದಾಟಿತ್ತು. ಎಲ್ಲರ ಬಾಯಲ್ಲೂ ಅವರು ಚಾಚಾ. ಅಂದಿನಿಂದ ಮಾನಮ್ಮನ ಬಾಯಲ್ಲೂ. ಕೊರೆಯುವವಳು ಪೈಪ್ ಕೂರಿಸತೊಡಗಿದಳು, ಪೈಪ್ ಕೂರಿಸುವವಳು ವೈರ್ ಎಳೆಯತೊಡಗಿದಳು. "ಹೆಂಗಸರ ಕೈಗೆ ಕರೆಂಟ್ ಕೊಡ್ತಾ ಇದೀರಲ್ಲ ಚಾಚಾ" ಎಂದು ಮೇಸ್ತ್ರಿಗಳು ಆಡಿಕೊಂಡರೆ, "ಕರೆಂಟಿಗೆ ಗಂಡಸು ಹೆಂಗಸು ಗೊತ್ತಿಲ್ಲಪ್ಪಾ. ತಪ್ಪು ಮಾಡ್ದೋರು ಮಾತ್ರ ಗೊತ್ತು" ಎನ್ನುತ್ತಿದ್ದರು. ಚಂದ್ರಾಮಪ್ಪನೂ ಬಿಡಲಿಲ್ಲ. "ಇನ್ಮ್ಯಾಲ ಮನ್ಯಾಗ ಕರೆಂಟ್ ಹೋದ್ರ ನಾ ಏನ್ ಮಾಡ್ಲಿ?" ಎಂದು ಕೇಳಿದ. "ಕಡ್ಡಿ ಗೀರಿ ದೀಪ ಹಿಡಿ, ನಾ ನೋಡ್ತೀನಿ" ಎಂದಳು. ಮುಂದೊಂದು ರಾತ್ರಿ ಕರೆಂಟ್ ಹೋದಾಗ ಅವನು ನಿಜವಾಗಿಯೂ ದೀಪ ಹಿಡಿದ. ಓಣಿಯ ಹತ್ತು ಕೋಣೆಗಳವರು ನಿಂತು ನೋಡಿದರು.

ಫ್ಯೂಸ್ ಎಂದರೇನು ಎಂದು ಚಾಚಾ ಅವಳಿಗೆ ಹೇಳಿಕೊಟ್ಟದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟ ಮೇಲೆ. ಪಿಂಗಾಣಿ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲೆಳೆಗಿಂತ ಸ್ವಲ್ಪ ದಪ್ಪದ ಬೆಳ್ಳಿಬಣ್ಣದ ತಂತಿ ಕಟ್ಟುತ್ತ ಹೇಳಿದರು: "ಮನೇಲಿ ಎಲ್ಲಾ ಒಟ್ಟಿಗೆ ಹಾಕಿದ್ರೆ ವೈರಲ್ಲಿ ಕರೆಂಟ್ ಜಾಸ್ತಿ ಹರಿಯುತ್ತೆ. ಜಾಸ್ತಿ ಹರಿದ್ರೆ ವೈರ್ ಬಿಸಿ ಆಗುತ್ತೆ. ಗೋಡೆ ಒಳಗಿನ ವೈರ್ ಬಿಸಿ ಆದ್ರೆ ನಮಗೆ ಕಾಣಲ್ಲ, ಬೆಂಕಿ ಬಂದ್ಮೇಲೇ ಕಾಣೋದು. ಅದಕ್ಕೇ ದಾರಿ ಮಧ್ಯ ಬೇಕಂತಲೇ ಒಂದು ಬಡಪಾಯಿ ತಂತಿ ಕೂರಿಸ್ತೀವಿ. ಎಲ್ಲದಕ್ಕಿಂತ ಮುಂಚೆ ಇದು ಕಾದು ಕರಗಿ ಹೋಗುತ್ತೆ. ದಾರಿ ಕಡೀತು, ಮನೆ ಉಳೀತು."

ಮಾನಮ್ಮ ಸ್ವಲ್ಪ ಯೋಚಿಸಿದಳು. "ನಮ್ಮಪ್ಪ ಹೊಲದಾಗ ಕುಂಟಿ ಹೊಡಿಯಾಗ ನೊಗದ ಮಿಣಿ ನಡುವ ಒಂದು ಗೇಣು ಹಳೇ ಹಗ್ಗ ಕಟ್ತಿದ್ದ ಚಾಚಾ. ಕುಂಟಿ ಹೋಗಿ ಬೇರಿಗೆ ಸಿಗಿಬಿತ್ತಂದ್ರ ಹಗ್ಗ ಪಟ್ ಅಂತ ಹರೀತಿತ್ತು. ಹೊಸ ಹಗ್ಗ ಕಟ್ಟಿದ್ರ ಎತ್ತಿನ ಕುತ್ತಿಗಿ ಹೋಗೋದು."

ಚಾಚಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. "ಇಪ್ಪತ್ತು ವರ್ಷದಿಂದ ಓನರ್‌ಗಳಿಗೆ ಹೇಳಿ ಹೇಳಿ ಸಾಕಾಗಿದೆ ಬೇಟಿ. ಫ್ಯೂಸ್ ಹೋದ್ರೆ ವೈರ್‌ಮನ್ ಸರಿಯಿಲ್ಲ ಅಂತಾರೆ. ಹೋಗಬೇಕಾದಾಗ ಹೋಗೋದೇ ಅದರ ಕೆಲಸ ಅಂತ ಒಬ್ಬರಿಗೂ ಹೊಳೆಯಲ್ಲ." ಯಾಕೋ ಆಮೇಲೆ ಅವರು ಕಟ್ಟಿದ ತಂತಿಯನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದರು.

ತಂತಿ ಕಟ್ಟುವ ಕ್ರಮ ಒಬ್ಬೊಬ್ಬರದು ಒಂದೊಂದು. ಸ್ಕ್ರೂ ಬಿಗಿಯುವ ದಿಕ್ಕಿಗೇ ಎರಡೂವರೆ ಸುತ್ತು, ಉಳಿದ ತುದಿಯನ್ನು ಕತ್ತರಿಸದೆ ಹಿಂದಕ್ಕೆ ಮಡಚಿ ಮೊಗ್ಗಿನ ಹಾಗೆ ಒತ್ತುವುದು, ಇದು ಚಾಚಾರ ಕ್ರಮ. ಮಾನಮ್ಮ ಅದನ್ನೇ ಕಲಿತಳು. ಇಡೀ ದಂಡು ಪ್ರದೇಶದಲ್ಲಿ ಹಾಗೆ ಕಟ್ಟುತ್ತಿದ್ದವರು ಇವರಿಬ್ಬರೇ.

ಎರಡು ಸಾವಿರದ ಇಸವಿಯ ಹೊತ್ತಿಗೆ ಚಾಚಾರ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಆದರೂ ಕೆಂಪು ವೈರು ಕರಿ ವೈರು ಒಂದೇ ಥರ ಕಾಣುತ್ತಿದ್ದವು. ಮರುವರ್ಷ ಅಮೃತಮ್ಮನವರ ಮನೆಯ ವೈರು ಹಾಯ್ದ ಮರದ ಪಟ್ಟಿಗಳಿಗೆ ಗೆದ್ದಲು ಹಿಡಿಯಿತು. ಮನೆಗೆಲ್ಲ ಹೊಸದಾಗಿ ವೈರಿಂಗ್ ಮಾಡಿಸಬೇಕಾಯಿತು. ಅವರು ಹೇಳಿಕಳಿಸಿದಾಗ ಚಾಚಾ ಮಾನಮ್ಮನನ್ನು ಕರೆದುಕೊಂಡು ಹೋದರು.

"ಪರ್ಮಿಟ್ ನನ್ನದು, ಕೈ ಇವಳದು ಅಮ್ಮಾ."

ಅಮೃತಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಇವಳು ಮಾಡಿದ್ದು ಅಂದ್ರೆ ನೀವು ಮಾಡಿದ್ದು ಅಂತಲೇ ತಗೋತೀನಿ ಸಾಬ್ರೇ. ಒಳ್ಳೇದಾದ್ರೂ ನಿಮ್ಮದೇ, ಕೆಟ್ಟದ್ದಾದ್ರೂ ನಿಮ್ಮದೇ."

"ಹಾಗೇ ಆಗಲಿ" ಎಂದ ಚಾಚಾ ಗೇಟಿನ ಹತ್ತಿರ ತಿರುಗಿ ನಿಂತು, "ಮೇನ್ ಫ್ಯೂಸ್ ನೀನೇ ಬಿಚ್ಚು ಬೇಟಿ, ಬೇರೆ ಯಾರ ಕೈಗೂ ಕೊಡಬೇಡ" ಎಂದರು. ಪೂಜೆ ಮಾಡಿಸಿಕೊಂಡ ಫ್ಯೂಸಲ್ಲವೇ, ಅದಕ್ಕೆ ಇರಬೇಕು ಎಂದುಕೊಂಡಳು ಮಾನಮ್ಮ.

ಮರುದಿನ ಕಂಬದಿಂದ ಬರುವ ಕರೆಂಟ್ ನಿಲ್ಲಿಸಿ ಅವಳು ಆ ಪಿಂಗಾಣಿಯನ್ನು ಹೊರಗೆ ಎಳೆದಳು. ಇಪ್ಪತ್ತೊಂಬತ್ತು ವರ್ಷದ ಕುಂಕುಮ ಹೆಪ್ಪುಗಟ್ಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹಿಂದೆ ತಿರುಗಿಸಿದಳು. ಒಳಗೆ ಬಡಪಾಯಿ ತಂತಿ ಇರಲಿಲ್ಲ. ಅಕ್ಕಿಕಾಳಿನಷ್ಟು ದಪ್ಪದ ತಾಮ್ರದ ತಂತಿ ಇತ್ತು. ಮನೆಯ ವೈರೆಲ್ಲ ಸುಟ್ಟು ಬೂದಿಯಾದರೂ ಅದು ಕರಗುವಂಥದ್ದಲ್ಲ. ಬೋರ್ಡಿನ ಹತ್ತಿರದ ವೈರನ್ನು ಮುಟ್ಟಿದರೆ ಮೇಲಿನ ರಬ್ಬರು ಸುಟ್ಟ ಹಪ್ಪಳದಂತೆ ಪುಡಿಯಾಯಿತು.

ಯಾವ ಅಡ್ನಾಡಿ ಕಟ್ಟಿದನಪ್ಪಾ ಇದನ್ನು ಎಂದುಕೊಳ್ಳುತ್ತಲೇ ಸ್ಕ್ರೂ ಕಡೆ ನೋಡಿದಳು. ಎರಡೂವರೆ ಸುತ್ತು. ತುದಿ ಹಿಂದಕ್ಕೆ ಮಡಚಿ ಮೊಗ್ಗಿನಂತೆ ಒತ್ತಿತ್ತು.

ಮಾನಮ್ಮ ಏಣಿಯ ಮೇಲೆಯೇ ಕುಳಿತುಬಿಟ್ಟಳು. ಒಳಗಿನಿಂದ ಅಮೃತಮ್ಮ, "ಕಾಫಿ ಕುಡೀತೀಯೇನೇ?" ಎಂದರು. "ಕುಡೀತೀನಮ್ಮಾ" ಎಂದು ಹೇಳಿ, ಫ್ಯೂಸನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಳು. ಇದನ್ನು ತೋರಿಸಿದರೆ ಚಾಚಾರ ಮೂವತ್ತು ವರ್ಷದ ಹೆಸರು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮುಗಿಯುತ್ತಿತ್ತು.

ಹನ್ನೆರಡು ದಿನದ ಕೆಲಸ. ಅವಳು ಸ್ವಂತ ನಿಂತು ಮಾಡಿದ ಮೊದಲ ಮನೆ. ಮರದ ಪಟ್ಟಿಯ ಜಾಗದಲ್ಲಿ ಪೈಪು, ಹೊಸ ವೈರು. ಫ್ಯೂಸುಗಳ ಬದಲು ಸಾಲಾಗಿ ಪುಟ್ಟ ಸ್ವಿಚ್ಚಿನಂಥ ಎಂ.ಸಿ.ಬಿ.ಗಳು. ಕರೆಂಟ್ ಹೆಚ್ಚಾದರೆ ಅದರ ಕಡ್ಡಿ ತಾನಾಗಿ ಕೆಳಗೆ ಬೀಳುತ್ತದೆ. ಕಾರಣ ಹುಡುಕಿ ಸರಿಮಾಡಿ ಮತ್ತೆ ಎತ್ತಿದರಾಯಿತು, ತಂತಿ ಕಟ್ಟುವ ಗೋಜಿಲ್ಲ. ಅವುಗಳ ಪಕ್ಕದಲ್ಲಿ, ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ನೋಡಲು ಟಿ ಎಂದು ಬರೆದ ಗುಂಡಿ ಇರುವ ದೊಡ್ಡದೊಂದು. ಅದು ಇ.ಎಲ್.ಸಿ.ಬಿ.

"ಅದೆಂಥದೇ ಅಷ್ಟು ದೊಡ್ಡದು?" ಎಂದರು ಅಮೃತಮ್ಮ.

"ನೀವು ಮಕ್ಕಳನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋಗ್ತಿದ್ರಲ್ಲಮ್ಮಾ. ಬಸ್ ಹತ್ತೋವಾಗ ಎಣಿಸಿ, ವಾಪಸ್ ಬರೋವಾಗ ಎಣಿಸಿ..."

"ಒಂದು ತಲೆ ಕಮ್ಮಿ ಆದ್ರೆ ಬಸ್ಸನ್ನ ಅಲ್ಲಾಡೋಕೂ ಬಿಡ್ತಿರಲಿಲ್ಲ ನಾನು."

"ಇದೂ ಹಂಗೇ ರೀ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ ನೋಡ್ತಿರ್ತದ. ಎಲ್ಲೋ ಒಂಚೂರು ಸೋರಿ ಮನುಷ್ಯರ ಮೈಮ್ಯಾಲ ಹರಿದ್ರೂ ಟಕ್ ಅಂತ ನಿಲ್ಲಿಸಿಬಿಡ್ತದ. ಹಳೇ ಫ್ಯೂಸಿಗೆ ಅದು ಗೊತ್ತಾಗ್ತಿರಲಿಲ್ಲ."

ಹಳೇ ಫ್ಯೂಸಿನ ಬಗ್ಗೆ ಹಾಗೆ ಆಡಿದ್ದು ಅಮೃತಮ್ಮನವರಿಗೆ ಹಿಡಿಸಲಿಲ್ಲ.

ಕೆಲಸ ಮುಗಿದ ಮೂರನೇ ದಿನಕ್ಕೆ ಆ ದೊಡ್ಡದು ಟಕ್ ಎಂದು ಬಿತ್ತು. ಮಾನಮ್ಮ ಹತ್ತು ಗಂಟೆಗೆ ಬಂದು ನೋಡಿದರೆ ಎಲ್ಲ ಸರಿ. ಎತ್ತಿದಳು, ನಿಂತಿತು. ಮರುದಿನ ಮತ್ತೆ ಬಿತ್ತು. ಮತ್ತೆ ಬಂದಳು, ಒಂದೊಂದೇ ಲೈಟು, ಫ್ಯಾನು, ಗೀಸರು ಹಾಕಿ ಆರಿಸಿ ನೋಡಿದಳು, ಏನೂ ಇಲ್ಲ. ಒಂದು ವಾರದಲ್ಲಿ ನಾಲ್ಕು ಸಲ ಹೀಗಾಯಿತು. ಬಸ್‌ಸ್ಟಾಪಿನಲ್ಲಿ ಅಂಗಡಿ ಇಟ್ಟಿದ್ದ ಎಲೆಕ್ಟ್ರಿಷಿಯನ್ ರಾಮಯ್ಯ, "ಅದೆಲ್ಲ ಶೋಕಿ ಅಮ್ಮಾ. ತೆಗೆದುಬಿಟ್ಟು ಡೈರೆಕ್ಟ್ ಕೊಟ್ರೆ ಜನ್ಮದಲ್ಲಿ ಹೋಗಲ್ಲ" ಎಂದನಂತೆ.

ಬುಧವಾರ ಮಾನಮ್ಮ ಬಂದಾಗ ಅಮೃತಮ್ಮ ಕಾಫಿ ಕುಡೀತೀಯಾ ಎಂದು ಕೇಳಲಿಲ್ಲ.

"ಇಪ್ಪತ್ತೊಂಬತ್ತು ವರ್ಷ ಒಂದು ಸಲ ಹೋಗದೇ ಇದ್ದ ಮನೆ ಇದು. ನೀನು ಕೈ ಇಟ್ಟೆ, ದಿನಾ ಹೋಗ್ತಿದೆ. ನಿನ್ನ ಹೊಸದೇನೂ ಬೇಡ ನನಗೆ. ಸಾಬ್ರ ಹಳೇ ಫ್ಯೂಸ್ ಎಲ್ಲಿ? ಅದನ್ನ ಕೊಡು, ರಾಮಯ್ಯ ಹಾಕಿಕೊಡ್ತಾನೆ."

ಮಾನಮ್ಮನ ಹೆಗಲ ಮೇಲಿನ ಚೀಲ ಒಮ್ಮೆಲೇ ಭಾರವಾಯಿತು. ಆ ಬಟ್ಟೆ ಗಂಟು ಬಿಚ್ಚಿ ತೋರಿಸಿದರೆ ಅವಳ ಮಾತು ಗೆಲ್ಲುತ್ತಿತ್ತು.

"ಅದು... ಎಲ್ಲೋ ಕಳೆದುಹೋಯ್ತಮ್ಮಾ" ಎಂದಳು.

ಅಮೃತಮ್ಮನವರ ಮುಖ ಕಪ್ಪಿಟ್ಟಿತು. "ಕಳೆದುಹೋಯ್ತಾ? ನಮ್ಮ ಯಜಮಾನ್ರು ಇದ್ದಾಗಿಂದ ಪೂಜೆ ಮಾಡಿದ್ದು ಕಣೇ ಅದು! ಶುಕ್ರವಾರ ಬೆಳಿಗ್ಗೆವರೆಗೂ ಟೈಮು. ಅಷ್ಟರಲ್ಲಿ ಸರಿ ಆಗಲಿಲ್ಲ ಅಂದ್ರೆ ರಾಮಯ್ಯ ಬಂದು ಎಲ್ಲಾ ಕಿತ್ತು ಹಾಕ್ತಾನೆ. ಇನಾಯತ್ ಸಾಬ್ರಿಗೂ ಹೇಳು, ಇಂಥವಳನ್ನ ನಂಬಿ ಪರ್ಮಿಟ್ ಕೊಟ್ರಲ್ಲ ಅಂತ."

ಗುರುವಾರ ಸಂಜೆ ಮಾನಮ್ಮ ಶಿವಾಜಿನಗರದ ಚಾಚಾರ ಮನೆಗೆ ಹೋದಳು. ಮಗಳು ಫಹ್ಮಿದಾ ಚಹಾ ತಂದಿಟ್ಟು, ತಂದೆಯ ಕಣ್ಣಿಗೆ ಹನಿ ಹಾಕಿ ಒಳಗೆ ಹೋದಳು. ಚಾಚಾ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಯಾವ ಹೊತ್ತಲ್ಲಿ ಬೀಳ್ತಾ ಇದೆ?"

"ಬೆಳಿಗ್ಗೆ, ಆರು ಆರೂವರೆಗೆ ಅಂತ ಚಾಚಾ."

"ನೀನು ಹೋಗೋದು?"

"ಕೆ.ಆರ್. ಪುರದಿಂದ ಬಸ್ಸು ಹತ್ತಿ ಬರೋದ್ರಾಗ ಹತ್ತು ಆಗ್ತದ."

"ಕಳ್ಳ ಆರಕ್ಕೆ ಬಂದು ಹೋದ್ರೆ ಪೊಲೀಸ್ ಹತ್ತಕ್ಕೆ ಹೋಗಿ ಏನು ಹಿಡೀತಾನೆ ಬೇಟಿ? ನಾಳೆ ಆರಕ್ಕೆ ಹೋಗು."

ಅಷ್ಟು ಸುಲಭದ ಮಾತು ತನಗೇ ಹೊಳೆಯಲಿಲ್ಲವಲ್ಲ ಎಂದು ಮಾನಮ್ಮ ನಾಲಿಗೆ ಕಚ್ಚಿಕೊಂಡಳು. ಚೀಲದಲ್ಲಿದ್ದ ಗಂಟಿನ ಚಿಂತೆಯಲ್ಲಿ ಅವಳ ತಲೆ ಓಡಿರಲಿಲ್ಲ. ಎದ್ದು ಹೊರಡಬೇಕು, ಆಗ ಚಾಚಾ ಕೇಳಿದರು.

"ಮೇನ್ ಫ್ಯೂಸ್ ಬಿಚ್ಚಿದ್ಯಲ್ಲ. ಅಮ್ಮನಿಗೆ ತೋರಿಸಿದ್ಯಾ?"

"ಇಲ್ಲ."

"ಕೇಳಲಿಲ್ವಾ ಅವರು?"

"ಕೇಳಿದ್ರು. ಕಳೆದುಹೋಯ್ತು ಅಂದೆ."

ಚಾಚಾ ಕಣ್ಣು ತೆರೆದರು. ಔಷಧಿಯ ಹನಿ ಕೆನ್ನೆಗೆ ಇಳಿಯಿತು. ಸುಮ್ಮನೆ ಕೈ ಚಾಚಿದರು. ಮಾನಮ್ಮ ಗಂಟು ಬಿಚ್ಚಿ ಆ ಅಂಗೈಯಲ್ಲಿ ಇಟ್ಟಳು. ಅವರು ಹೆಬ್ಬೆರಳಿನಿಂದ ತಾಮ್ರದ ಸುತ್ತುಗಳನ್ನು ಒಂದೊಂದಾಗಿ ಸವರಿದರು.

"ಗೃಹಪ್ರವೇಶದ ದಿನ. ಮೈಕ್ ಸೆಟ್ಟು, ಸೀರಿಯಲ್ ಲೈಟು, ಮನೆ ತುಂಬ ಜನ. ಮೂರು ಸಲ ಫ್ಯೂಸ್ ಹೋಯ್ತು. ಅಮ್ಮನ ಯಜಮಾನ್ರು ಎಲ್ಲರ ಮುಂದೆ ಕೂಗಾಡಿದ್ರು, 'ಏನಾದ್ರೂ ಹಾಕಿ ನಿಲ್ಲಿಸು, ಇಲ್ಲಾಂದ್ರೆ ಬೇರೆಯವನನ್ನ ಕರೀತೀನಿ' ಅಂದ್ರು. ನನಗೆ ಅದು ಮೊದಲನೇ ಮನೆ ಬೇಟಿ. ಅವತ್ತೊಂದು ದಿನಕ್ಕೆ ಅಂತ ಇದನ್ನ ಕಟ್ಟಿದೆ. ಮಾರನೇ ದಿನ ಬಿಚ್ಚೋಕೆ ಹೋದ್ರೆ ಲಾಡು ತಟ್ಟೆ ಹಿಡ್ಕೊಂಡು ನಿಂತಿದ್ರು. ಬೀದಿಯವರನ್ನೆಲ್ಲ ಕರೆದು ನನ್ನ ಕೈ ಹೊಗಳಿದ್ರು. ಬಿಚ್ಚಲಿಲ್ಲ." ಅವರು ಉಸಿರು ಎಳೆದುಕೊಂಡರು. "ಆ ಹೊಗಳಿಕೆಯಿಂದಲೇ ಕಾಕ್ಸ್‌ಟೌನಿನ ಕೆಲಸವೆಲ್ಲ ನನಗೆ ಬಂತು. ಆಮೇಲೆ ಬಿಚ್ಚೋಕೆ ಧೈರ್ಯ ಬರಲಿಲ್ಲ."

"ನಾ ಯಾರಿಗೂ ಹೇಳಂಗಿಲ್ಲ ಚಾಚಾ."

"ಗೊತ್ತು. ಅದಕ್ಕೇ ನಾಳೆ ನಾನೂ ಬರ್ತೀನಿ."

ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಬಂದ ಮಾನಮ್ಮ ಚಾಚಾರನ್ನು ಆಟೋದಲ್ಲಿ ಕರೆತಂದಾಗ, ಬೇಕರಿಯವನು ಇನ್ನೂ ಬಾಗಿಲು ಎತ್ತುತ್ತಿದ್ದ. ಆಗಸ್ಟ್ ತಿಂಗಳ ಚಳಿ, ಜಿಟಿಜಿಟಿ ಮಳೆ. ಅಮೃತಮ್ಮ ವರಾಂಡದಲ್ಲಿ ಕುಳಿತು ಬೆರಳುಗಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಬನ್ನಿ ಸಾಬ್ರೇ. ನಿಮ್ಮನ್ನ ಈ ವಯಸ್ಸಲ್ಲಿ ಓಡಾಡಿಸೋ ಹಾಗಾಯ್ತು. ನನಗೋ ಈ ವಾತ. ಆರು ತಿಂಗಳಿಂದ ಬೆರಳೆಲ್ಲ ಜುಮ್ ಅನ್ನುತ್ತೆ."

ಮಾನಮ್ಮ ಚೀಲ ಇಳಿಸುತ್ತಿದ್ದವಳು ಹಾಗೇ ನಿಂತಳು. "ಯಾವಾಗ ಜುಮ್ ಅಂತದಮ್ಮಾ?"

"ಬೆಳಿಗ್ಗೆ ಸ್ನಾನಕ್ಕೆ ಹೋಗಿ ನಲ್ಲಿ ತಿರುಗಿಸಿದಾಗ. ತಣ್ಣೀರಿನ ದೋಷ."

"ಅಡಿಗಿಮನಿ ನಲ್ಲಿ ಹಿಡಿದ್ರ?"

"ಅಲ್ಲಿ ಏನೂ ಆಗಲ್ಲ."

"ವಾತಕ್ಕ ಅಡಿಗಿಮನಿ ಯಾವುದು, ಬಚ್ಚಲು ಯಾವುದು ಅಂತ ಹೆಂಗ ಗೊತ್ತಾಗ್ತದ್ರಿ?"

ಅಮೃತಮ್ಮ ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡರು. ಚಾಚಾ ಮೊದಲ ಬಾರಿಗೆ ನಕ್ಕರು.

ಗೀಸರ್ ಹಾಕಿದರು. ಒಂದು ನಿಮಿಷ, ಐದು ನಿಮಿಷ, ಏನೂ ಆಗಲಿಲ್ಲ. ಹಿಂದಿನ ದಿನಗಳಲ್ಲಿ ಮಾನಮ್ಮ ಇಷ್ಟಕ್ಕೇ ಆರಿಸಿಬಿಡುತ್ತಿದ್ದಳು. ನೀರು ಚೆನ್ನಾಗಿ ಕಾದ ಮೇಲೆ, ಹನ್ನೊಂದನೇ ನಿಮಿಷಕ್ಕೆ, ಬೋರ್ಡಿನಲ್ಲಿ ಟಕ್. ಗೀಸರಿನ ವೈರು ಬಿಡಿಸಿ ಕಡ್ಡಿ ಎತ್ತಿದಳು. ಮನೆಯ ಎಲ್ಲ ಲೈಟು, ಫ್ಯಾನು ಹಾಕಿದರೂ ಅಲ್ಲಾಡಲಿಲ್ಲ. ಮುಚ್ಚಳ ಬಿಚ್ಚಿ ಹೊರತೆಗೆದ ಕಾಯಿಲಿನ ಮೈಮೇಲೆ ಉಗುರಿನಷ್ಟು ಬಿರುಕು. ತಣ್ಣಗಿದ್ದಾಗ ಅಂಟಿಕೊಂಡಿರುತ್ತಿತ್ತು, ಕಾದರೆ ಬಾಯಿ ಬಿಡುತ್ತಿತ್ತು. ಅಲ್ಲಿಂದ ಕರೆಂಟು ನೀರಿಗೆ, ನೀರಿನಿಂದ ಕಬ್ಬಿಣದ ನಲ್ಲಿಗೆ.

"ಸ್ನಾನ ಮಾಡೋವಾಗ ಎಲ್ಲಿ ನಿಲ್ತಿದ್ರಿ ಅಮ್ಮಾ?"

"ತಣ್ಣನೆ ನೆಲ ತುಳೀಬೇಡಿ ಅಂದಿದ್ರು ಡಾಕ್ಟ್ರು. ರಬ್ಬರ್ ಚಪ್ಪಲಿ ಹಾಕ್ಕೊಂಡು, ಮಣೆ ಮೇಲೆ."

ಆ ಮಣೆ ಮತ್ತು ಚಪ್ಪಲಿ ಏನನ್ನು ತಡೆದಿದ್ದವು ಎಂಬುದು ಅಮೃತಮ್ಮನವರಿಗೆ ತಾನಾಗಿ ಅರ್ಥವಾಯಿತು. ಮೆಲ್ಲನೆ ಕುರ್ಚಿಯಲ್ಲಿ ಕುಳಿತು ಮಾನಮ್ಮನ ಕೈ ಹಿಡಿದುಕೊಂಡರು. ಆ ಬೆರಳುಗಳ ಎಣ್ಣೆ ಇವಳ ಅಂಗೈಗೆ ಹತ್ತಿತು.

"ದಿನಾ ನನ್ನನ್ನ ಕಾಯ್ತಾ ಇತ್ತು, ನಾನು ದಿನಾ ಬೈತಾ ಇದ್ದೆ" ಎಂದರು. ಕೆಲಸ ಉಳಿಯಿತು, ಚಾಚಾರ ಪರ್ಮಿಟ್ಟಿನ ಮರ್ಯಾದೆಯೂ ಉಳಿಯಿತು. ಇನ್ನು ಹೊರಟುಬಿಡಬೇಕು ಎಂದು ಮಾನಮ್ಮ ಚಾಚಾರ ತೋಳು ಹಿಡಿದಳು. ಅಷ್ಟರಲ್ಲಿ ಗೇಟು ತೆರೆದು ರಾಮಯ್ಯ ಒಳಗೆ ಬಂದ. ಅಮೃತಮ್ಮ ಅವನಿಗೆ ನಡೆದದ್ದನ್ನು ಹೇಳಿ, ಮಾನಮ್ಮನ ಕಡೆ ತಿರುಗಿದರು.

"ಎಲ್ಲಾ ಸರಿ ಕಣೇ. ಆ ಫ್ಯೂಸ್ ಒಂದು ಕಳೆದುಬಿಟ್ಟೆಯಲ್ಲ, ಅದೊಂದು ಮಾತ್ರ ಮನಸ್ಸಿಂದ ಹೋಗಲ್ಲ ನನಗೆ."

"ಅವಳು ಕಳೆದಿಲ್ಲ ಅಮ್ಮಾ." ಚಾಚಾ ಜುಬ್ಬಾದ ಜೇಬಿನಿಂದ ಫ್ಯೂಸ್ ತೆಗೆದು ಮೇಜಿನ ಮೇಲಿಟ್ಟರು, ಒಳಮುಖ ಮೇಲೆ ಮಾಡಿ. "ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ಲು. ನೋಡಿ. ಇದು ಫ್ಯೂಸೇ ಅಲ್ಲ. ಬರೀ ತಾಮ್ರದ ತಂತಿ. ಇದು ಹೋಗ್ತಾನೇ ಇರಲಿಲ್ಲ. ಮನೆ ಹೋಗಿದ್ರೂ ಹೋಗ್ತಿರಲಿಲ್ಲ."

ಅವರು ಎಲ್ಲವನ್ನೂ ಹೇಳಿದರು. ನಿಂತೇ ಹೇಳಿದರು, ಶಾಲೆಯಲ್ಲಿ ಮೇಡಂ ಮುಂದೆ ನಿಂತವರ ಹಾಗೆ. ರಾಮಯ್ಯ ಮೊದಲು ಬಗ್ಗಿ ನೋಡುತ್ತಿದ್ದವನು ಬರಬರುತ್ತ ತನ್ನ ಇಕ್ಕಳವನ್ನೇ ನೋಡತೊಡಗಿದ. "ನಾನು ಆಮೇಲೆ ಬರ್ತೀನಮ್ಮಾ. ನಾಲ್ಕೈದು ಮನೆಗೆ ಅರ್ಜೆಂಟಾಗಿ ಹೋಗ್ಬೇಕು" ಎಂದು ಹೊರಟುಬಿಟ್ಟ. ಆ ಮನೆಗಳಿಗೆ ಅವನು ಯಾಕೆ ಹೋದ ಎಂದು ಯಾರೂ ಕೇಳಲಿಲ್ಲ.

ಅಮೃತಮ್ಮ ಫ್ಯೂಸನ್ನು ಮುಟ್ಟಲಿಲ್ಲ. ಬೋರ್ಡಿನ ಪಕ್ಕದ ಗೋಡೆಯ ಕಡೆ ನೋಡುತ್ತ ಕೇಳಿದರು:

"ಆಯುಧಪೂಜೆ ದಿನ ಗೋಡೆ ಮೇಲೆ ಕೈ ಇಟ್ಟು ಕಣ್ಣು ಮುಚ್ತಿದ್ರಲ್ಲ?"

"ಪಟ್ಟಿ ಒಳಗಿನ ವೈರ್ ಬಿಸಿ ಆಗಿ ಗೋಡೆ ಕಾದಿದೆಯಾ ಅಂತ ನೋಡ್ತಿದ್ದೆ ಅಮ್ಮಾ. ಆ ದಿನ ಮಾತ್ರ ಅಲ್ಲ. ಈ ಬೀದಿಗೆ ಬಂದಾಗೆಲ್ಲ ನೀರು ಕೇಳೋ ನೆಪದಲ್ಲಿ ಬರ್ತಿದ್ನಲ್ಲ, ಅದಕ್ಕೇ. ಗೀಸರ್ ತಂದಾಗ ಅದಕ್ಕೆ ಮಾತ್ರ ಬೇರೆ ದಪ್ಪ ವೈರ್ ಎಳೆದೆ. ಬೇರೆ ಏನಾದ್ರೂ ತಗೋತೀನಿ ಅಂದ್ರೆ ಬೇಡ ಅಂತಿದ್ದೆ."

ಅಮೃತಮ್ಮ ಸೆಟೆದು ಕುಳಿತರು. "ಗ್ರೈಂಡರ್! ಒರಳಲ್ಲಿ ರುಬ್ಬಿದ ರುಚಿ ಬರಲ್ಲ ಅಮ್ಮಾ ಅಂದ್ರಲ್ಲ ನೀವು! ಹನ್ನೆರಡು ವರ್ಷ ರುಬ್ಬುಗುಂಡು ತಿರುಗಿಸಿದ್ದೀನಿ ನಾನು, ನಿಮ್ಮ ಮಾತು ಕೇಳ್ಕೊಂಡು!"

"ಹೌದಮ್ಮಾ."

"ಇಸ್ತ್ರಿಪೆಟ್ಟಿಗೆ!"

"ಅದೂ ಹೌದು."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲು ತಡವಾಯಿತು. "ತಪ್ಪು ಒಪ್ಪಿಕೊಂಡ ಹುಡುಗರನ್ನ ನಾನು ಯಾವತ್ತೂ ಬೆಂಚಿನ ಮೇಲೆ ನಿಲ್ಲಿಸಿಲ್ಲ. ಆದ್ರೆ ಇಪ್ಪತ್ತೊಂಬತ್ತು ವರ್ಷ ತಡವಾಗಿ ಒಪ್ಪಿಕೊಂಡೋರನ್ನ ಏನು ಮಾಡ್ಬೇಕೋ ಗೊತ್ತಿಲ್ಲ ಸಾಬ್ರೇ. ಇವತ್ತು ಹೋಗಿ. ನನಗೆ ಏನೂ ತೋಚ್ತಾ ಇಲ್ಲ."

ಆಟೋದಲ್ಲಿ ಚಾಚಾ ಹಗುರವಾಗಿ ಕಂಡರು. ಮೇಜಿನಿಂದ ಎತ್ತಿಕೊಂಡು ಬಂದಿದ್ದ ಫ್ಯೂಸನ್ನು ಮಾನಮ್ಮನ ಚೀಲಕ್ಕೇ ಹಾಕಿದರು.

ಮಾನಮ್ಮ ಮುಂದೆ ತನ್ನದೇ ಪರ್ಮಿಟ್ ತೆಗೆದುಕೊಂಡಳು. ಪರೀಕ್ಷೆಗೆ ಚಂದ್ರಾಮಪ್ಪ ಅವಳಿಗೆ ಪ್ರಶ್ನೆ ಓದಿ ಹೇಳುತ್ತಿದ್ದ, ಅರ್ಥವಾಗದ ಕಡೆ ಇಬ್ಬರೂ ಜಗಳವಾಡುತ್ತಿದ್ದರು. ಹೊರಮಾವಿನಲ್ಲಿ ಅಪಾರ್ಟ್‌ಮೆಂಟುಗಳು ಏಳತೊಡಗಿದಾಗ ಅವಳ ಕೈಕೆಳಗೆ ಆರು ಜನ ಕೆಲಸ ಮಾಡುತ್ತಿದ್ದರು. "ಪದೇಪದೇ ಟ್ರಿಪ್ ಆಗುತ್ತೆ, ದೊಡ್ಡದು ಹಾಕಿಬಿಡಿ" ಎನ್ನುವ ಓನರ್‌ಗಳಿಗೆ ಅವಳು ಚೀಲದಿಂದ ಆ ಪಿಂಗಾಣಿ ತುಂಡು ತೆಗೆದು ತೋರಿಸುತ್ತಾಳೆ, ಕತೆಯನ್ನೂ ಹೇಳುತ್ತಾಳೆ. ಕಟ್ಟಿದವರ ಹೆಸರು ಮಾತ್ರ ಹೇಳುವುದಿಲ್ಲ.

ಆದರೆ ಅದು ಆಮೇಲಿನ ಮಾತು. ಆ ವರ್ಷದ ಆಯುಧಪೂಜೆ ಬಂತು. ಅಮೃತಮ್ಮನವರಿಂದ ಎರಡು ತಿಂಗಳು ಸುದ್ದಿಯಿರಲಿಲ್ಲ. ಚಾಚಾ ಹೋಗುವುದಿಲ್ಲ ಎಂದು ಕುಳಿತಿದ್ದರು. ಬೆಳಿಗ್ಗೆ ಹತ್ತಕ್ಕೆ ಫೋನ್ ಬೂತಿನವನು ಓಡಿಬಂದ. ಕಾಕ್ಸ್‌ಟೌನಿನ ಮೇಡಂ ಫೋನ್ ಮಾಡಿ, "ಬೂಂದಿ ಆರಿಹೋಗ್ತಾ ಇದೆ, ಎಲ್ಲಿದಾರೆ ಅವರು" ಎಂದು ಕೇಳಿದರಂತೆ.

ಮಾನಮ್ಮ ಅವರನ್ನು ಕರೆದುಕೊಂಡು ಹೋದಳು. ಅಡುಗೆಮನೆಯಿಂದ ಗ್ರೈಂಡರಿನ ಗುಡುಗುಡು ಕೇಳಿಸುತ್ತಿತ್ತು. ಹೊಸ ಬೋರ್ಡಿಗೆ ಅರಿಶಿನ ಕುಂಕುಮ ಇಟ್ಟಿತ್ತು, ದೊಡ್ಡದರ ಮೇಲೆ ಸೇವಂತಿಗೆ. ಅಮೃತಮ್ಮ ಟಿ ಗುಂಡಿ ಒತ್ತಿದರು. ಟಕ್. ಗ್ರೈಂಡರ್ ನಿಂತು ಮನೆ ಸ್ತಬ್ಧವಾಯಿತು. "ತಿಂಗಳಿಗೊಂದು ಸಲ ಒತ್ತಿ ನೋಡು ಅಂದಿದ್ಯಲ್ಲ, ಇವತ್ತು ಎರಡನೇ ಸಲ. ಎಚ್ಚರವಾಗಿದೆ" ಎಂದು ಕಡ್ಡಿ ಎತ್ತಿ, ಮೊದಲ ತಟ್ಟೆಯನ್ನು ಮಾನಮ್ಮನ ಕೈಗೆ ಕೊಟ್ಟರು. ಎರಡನೆಯದನ್ನು ಹಿಡಿದು ಚಾಚಾರ ಮುಂದೆ ನಿಂತರು. ಚಾಚಾ ಕೈ ಚಾಚಲಿಲ್ಲ.

"ಇದು ನನಗೆ ಸಲ್ಲಲ್ಲಮ್ಮಾ. ಈ ಮನೇಲಿ ಈಗ ನನ್ನ ಫ್ಯೂಸ್ ಇಲ್ಲ."

"ಫ್ಯೂಸಿಗೆ ಯಾರು ಕೊಟ್ರು? ಇಪ್ಪತ್ತೊಂಬತ್ತು ವರ್ಷ ಬಂದು ಗೋಡೆ ಮುಟ್ಟಿ ನೋಡಿದ್ರಲ್ಲ, ಅದಕ್ಕೆ ಕೊಡ್ತಿದ್ದೀನಿ. ಹಿಡ್ಕೊಳ್ಳಿ, ಕೈ ನೋಯುತ್ತೆ ನನಗೆ. ಇದು ನಿಜವಾದ ವಾತ."

ಚಾಚಾ ತಟ್ಟೆ ಹಿಡಿದುಕೊಂಡರು. ಇನ್ನೊಂದು ಕೈ ಅಭ್ಯಾಸಬಲದಿಂದ ತಾನಾಗಿಯೇ ಬೋರ್ಡಿನ ಪಕ್ಕದ ಗೋಡೆಯ ಮೇಲೆ ಹೋಗಿ ಕುಳಿತಿತು. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು. ಒಳಗೆ ಗ್ರೈಂಡರ್ ಮತ್ತೆ ತಿರುಗುತ್ತಿತ್ತು.

"ಹೆಂಗದ ಚಾಚಾ?" ಎಂದಳು ಮಾನಮ್ಮ.

"ತಣ್ಣಗಿದೆ ಬೇಟಿ" ಎಂದರು.